ಸುಣ್ಣಕ್ಕೆ ಬೆರೆಸಿದ ನೀಲಿ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನಾನು ಮೊದಲು ಕಿವಿ ಮುಟ್ಟಿ ನೋಡಿಕೊಳ್ಳುತ್ತೇನೆ. ಇಂಡಿ ಊರಿನ ಈ ಮನೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ಕೋಣೆಗೆ ನಿನ್ನೆ ಸುಣ್ಣ ಹಚ್ಚಲು ಆಳು ಬಂದಾಗಲೂ ಹಾಗೇ ಆಯಿತು. ಐವತ್ತು ದಾಟಿದ ಹೆಂಗಸು ಬಾಗಿಲಲ್ಲಿ ಕಿವಿ ಹಿಡಿದು ನಿಂತದ್ದು ಕಂಡು ಅವನು ಏನೆಂದುಕೊಂಡನೋ.

ಸಿಂದಗಿಯ ನಮ್ಮ ಮನೆಯ ಒಳಕೋಣೆಯಲ್ಲಿ ಅಪ್ಪ ಸುತ್ತಲಿನ ಊರುಗಳ ಹಾರ್ಮೋನಿಯಂ ಪೇಟಿಗಳಿಗೆ ಸ್ವರ ಕೂಡಿಸುತ್ತಿದ್ದ. ಹಿತ್ತಾಳೆಯ ರೀಡನ್ನು ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆಯುವುದು, ಊದಿ ಕೇಳುವುದು, ಮತ್ತೆ ಕೆರೆಯುವುದು. ಹೆಚ್ಚು ಕೆರೆದರೆ ರೀಡು ಹೋಯಿತು. ಪ್ರತಿ ನಾಗರಪಂಚಮಿಗೂ ಅವ್ವ ಆ ಕೋಣೆಗೆ ಸುಣ್ಣದಲ್ಲಿ ನೀಲಿ ಕದಡಿ ಹಚ್ಚುತ್ತಿದ್ದಳು. ಆ ನಸುನೀಲಿಯಲ್ಲಿ ಸ್ವರ ಬಾವಿಯ ತಳಕ್ಕಿಳಿದ ಹರಳಿನಂತೆ ತಣ್ಣಗೆ ಕೂಡುತ್ತದೆ ಎಂದು ಅಪ್ಪ ನಂಬಿದ್ದ. ಒಂದು ವರ್ಷ ಅಂಗಡಿಯಲ್ಲಿ ನೀಲಿ ಸಿಗದೆ ಅವ್ವ ಹಳದಿ ಕಲಸಿದಳು. ಕೋಣೆ ಬೆಳಗಿತು, ಅಪ್ಪನ ಮುಖ ಕಪ್ಪಿಟ್ಟಿತು. ಸಂಜೆಯೊಳಗೆ ಲಚ್ಯಾಣದ ಭಜನೆಯವರ ಪೇಟಿ ಸಿದ್ಧವಾಗಬೇಕಿತ್ತು. ಅಪ್ಪ ಊದುತ್ತಾನೆ, ಅರ ಎತ್ತುತ್ತಾನೆ, ಕೆಳಗಿಡುತ್ತಾನೆ.

“ಈ ಗ್ವಾಡಿ ಚೀರಾಕತ್ತೈತಿ. ಸ್ವರ ಕುಂದ್ರವೊಲ್ದು,” ಅಂದ.

ಪಕ್ಕದ ಮನೆಯ ಶಿವಪ್ಪ ಕಾಕಾ ಒಳಗೆ ಇಣುಕಿದ. “ಯಾಕೋ, ಪೇಟಿಗೂ ಹಳದಿ ಕಾಮಣಿ ಆತೇನು?”

ಯಾರೂ ನಗಲಿಲ್ಲ. ಅಪ್ಪನ ಆಗಿನ ವಯಸ್ಸಿನಲ್ಲೇ ಅಜ್ಜನಿಗೆ ಕಿವಿ ಮಂದವಾಗಿದ್ದು ಎಲ್ಲರಿಗೂ ಗೊತ್ತಿತ್ತು. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದ್ದೆ. ಅಪ್ಪನ ಬೆನ್ನ ಹಿಂದೆ ಬೇಕೆಂದೇ ಒಂದು ಚಮಚ ಬೀಳಿಸಿದೆ. ಅಪ್ಪ ತಿರುಗಲಿಲ್ಲ. ತಿರುಗಿದವಳು ಅವ್ವ. ಚಮಚ ನೋಡಿದಳು, ನನ್ನನ್ನು ನೋಡಿದಳು, ಸೆರಗು ಸಿಗಿಸಿಕೊಂಡಳು.

“ಶಿವಪ್ಪಣ್ಣಾ, ನಿಮ್ಮ ಮನ್ಯಾಗ ಅರಿವಿ ಒಗದಾಗ ಹಾಕೂ ನೀಲಿ ಇದ್ರ ಕೊಡ್ರಿ,” ಅಂದಳು. ಆಮೇಲೆ ಅಪ್ಪನ ಎದುರಿಗೆ ಹೋಗಿ ನಿಂತು, ಗಟ್ಟಿಯಾಗಿ, “ತಪ್ಪು ನಂದರಿ. ಇಂಥ ಬಣ್ಣದಾಗ ಯಾರಿಗೆ ಕೇಳಸ್ತೈತಿ?”

ಹಳದಿಯ ಮೇಲೆ ಅವಳೊಬ್ಬಳೇ ನೀಲಿ ಬಳಿದಳು. ಗೋಡೆ ಆರಿತು. ಇಳಿಹೊತ್ತಿಗೆ ಅಪ್ಪ ಮತ್ತೆ ಊದಿದ, ಕಣ್ಣು ಗೋಡೆಯ ಮೇಲಿಟ್ಟು ಒಂದೆಳೆ ಕೆರೆದ. “ಹಾಂ, ಈಗ ಕುಂತು.” ಅವ್ವ ನೀಲಿಗೈಯಲ್ಲೇ ಹಣೆ ಒರೆಸಿಕೊಂಡಳು. ಪೇಟಿ ಲಚ್ಯಾಣಕ್ಕೆ ಹೋಯಿತು, ಸ್ವರ ತಪ್ಪಿದೆಯೆಂದು ತಿರುಗಿ ಬರಲಿಲ್ಲ.

ಆಮೇಲೆ ಪ್ರತಿ ಪಂಚಮಿಗೂ ಅವ್ವ ನೀಲಿಯನ್ನು ತುಸು ಹೆಚ್ಚಿಸುತ್ತಾ ಹೋದಳು. ಕಡೆಕಡೆಗೆ ಕೋಣೆ ಮೋಡ ಕವಿದಂತೆ ಕತ್ತಲಾಯಿತು. ಹಗಲಲ್ಲೇ ದೀಪ ಹಚ್ಚಿ, ದವಡೆಯನ್ನು ಪೇಟಿಯ ಕಟ್ಟಿಗೆಗೆ ಒತ್ತಿ ಅಪ್ಪ ಸ್ವರ ಹುಡುಕುತ್ತಿದ್ದ. “ನೀಲಿ ಇನ್ನಾ ಸ್ವಲ್ಪ ಕಡಿಮಿ ಆತು ನೋಡ,” ಅನ್ನುತ್ತಿದ್ದ. “ಹೌದ್ರಿ, ಮುಂದಿನ ಪಂಚಮಿಗೆ ಹಾಕ್ತೇನಿ,” ಅನ್ನುತ್ತಿದ್ದಳು ಅವ್ವ, ಅವನಿಗೆ ತುಟಿ ಕಾಣುವಂತೆ ನಿಂತು. ಈಗ ಅವರಿಬ್ಬರೂ ಇಲ್ಲ, ಆ ಗೋಡೆಯೂ ಇಲ್ಲ.

“ಅಕ್ಕಾರ, ನೀಲಿ ಎಷ್ಟ್ ಹಾಕ್ಲಿರಿ?” ನಿನ್ನೆ ಸುಣ್ಣದವನು ಕೇಳಿದ. ಅದು ಎರಡನೆಯ ಸಲವಂತೆ; ಮೊದಲನೆಯದು ನನಗೆ ಕೇಳಿಸಿರಲಿಲ್ಲ.

ನಾನು ಪೇಟಿಯ ಷಡ್ಜ ಒತ್ತಿದೆ. ಅದು ನಿಲ್ಲುವವರೆಗೂ ಕೇಳಿದೆ.

“ಸದ್ಯ ತೆಳ್ಳಗ ಇರಲಿ,” ಅಂದೆ.