ಬಾಗಿಲು ಮಾತ್ರ ನಮ್ಮದಿತ್ತು

ಆಸ್ಪತ್ರೆಗೆ ಬರುವ ಮಕ್ಕಳ ಭಯ ಕಡಿಮೆ ಮಾಡುವ ಕೆಲಸ ಕಲಿಯಲು ಎಂ.ಎಸ್.ಡಬ್ಲ್ಯೂ ಸೇರುತ್ತೇನೆ, ಅವರ ಜೊತೆ ಆಡುತ್ತಲೇ ಎಲ್ಲ ತಿಳಿಸಿ ಹೇಳುವ ಕೆಲಸ ಅದು ಎಂದಾಗ ನಮ್ಮ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಆಟಾ ಆಡಾಕ ಎರಡ ವರ್ಷ ಕಾಲೇಜ ಬೇಕೇನಬೇ? ನಮ್ಮ ಓಣ್ಯಾಗಿನ ಹುಡುಗೂರು ಪುಕ್ಕಟ ಕಲಸ್ತಾವು" ಅಂದ. ಆ ದಿನಗಳಲ್ಲಿ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೂಜಿ ಚುಚ್ಚುವ ಮುಂಚೆ ಅದೇನೆಂದು ಮಗುವಿಗೆ ಹೇಳುವವರು ಒಬ್ಬರು ಬೇಕು, ಆಪರೇಷನ್ ಮುಗಿದು ಎಚ್ಚರವಾದಾಗ ತಾನು ಎಲ್ಲಿರುತ್ತೇನೆ ಎಂಬುದು ಅದಕ್ಕೆ ಮೊದಲೇ ಗೊತ್ತಿರಬೇಕು, ಇದು ಡಾಕ್ಟರ ಕೆಲಸವೂ ಅಲ್ಲ, ನರ್ಸ್ ಕೆಲಸವೂ ಅಲ್ಲ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. "ಹಂಗಾದ್ರ ಪಗಾರಾ ಯಾರ ಕೊಡ್ತಾರ?" ಎಂದು ಮಾವ ಕೇಳಿದ. ಅದು ನನಗೂ ಗೊತ್ತಿರಲಿಲ್ಲ.

ಅವ್ವ ಮಾತ್ರ ಏನೂ ಕೇಳಲಿಲ್ಲ. "ನಿನಗ ಗೊತ್ತಿದ್ದ ಕೆಲಸಾನ ಐತಿ, ಹೋಗ" ಅಂದಳು.

ಗೊತ್ತಿದ್ದದ್ದು ಹೌದು. ಏಳು ವರ್ಷದವಳಿದ್ದಾಗ ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಎರಡೂವರೆ ತಿಂಗಳು ಮಲಗಿದ್ದೆ. ತೊಡೆಯ ಎಲುಬಿನಲ್ಲಿ ಕೀವು ತುಂಬಿತ್ತು.

ನಮ್ಮದು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರು. ಆಣೆಕಟ್ಟಿನ ಹಿನ್ನೀರು ಬರುತ್ತದೆ, ಊರು ಬಿಟ್ಟು ಏಳಬೇಕು ಎಂದು ನಾನು ಹುಟ್ಟುವ ಮುಂಚಿನಿಂದ ಹೇಳುತ್ತಿದ್ದರಂತೆ. ಹೇಳಿ ಹೇಳಿ ಆ ಮಾತೇ ಹಳಸಿಹೋಗಿತ್ತು. ಜನ ಪ್ರತಿ ವರ್ಷ ಗೋಡೆಗೆ ಸುಣ್ಣ ಹಚ್ಚುತ್ತಲೇ ಇದ್ದರು, ಮಾಳಿಗೆಗೆ ಹೊಸ ಮಣ್ಣು ಹಾಕುತ್ತಲೇ ಇದ್ದರು. ನಮ್ಮ ಮನೆಯ ಬಾಗಿಲು ದಾಟಿದ ಕೂಡಲೇ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕಿತ್ತು. ಇಳಿದರೆ ಎಡಕ್ಕೆ ಎತ್ತುಗಳು ಮೇವು ತಿನ್ನುವ ಗ್ವಾದಲಿ, ಬಲಕ್ಕೆ ಕಟ್ಟೆ ಹತ್ತಿದರೆ ಪಡಸಾಲೆ, ಅದರಾಚೆ ಅವ್ವನ ಒಲೆ. ಬಾಗಿಲಿನ ಕೆಳಹಲಗೆಯಲ್ಲಿ ಒಂದು ಗಂಟು ಉದುರಿ ತೂತು ಬಿದ್ದಿತ್ತು. ಹೊರಗೆ ಕುಕ್ಕರಗಾಲಲ್ಲಿ ಕೂತು ಅದರಲ್ಲಿ ಕಣ್ಣಿಟ್ಟರೆ ಒಳಗೆ ಕಟ್ಟಿದ ಕರುವಿನ ಕಾಲುಗಳು ಕಾಣುತ್ತಿದ್ದವು.

ಆಸ್ಪತ್ರೆಗೆ ಹೊರಡುವ ದಿನ ಅವ್ವ ನನ್ನ ಹಣೆಗೆ ಬೀರೇಶ್ವರನ ಭಂಡಾರ ಹಚ್ಚಿ "ನಾಕ ದಿನಾ ಅಷ್ಟ, ಹೊಳ್ಳಿ ಮನಿಗೆ ಬರೂಣ" ಅಂದಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿದರು. ನಾನು ಪ್ರತಿ ಸಂಜೆ "ಮನಿಗೆ ಯಾವಾಗ?" ಅನ್ನುವುದು, ಅವ್ವ "ಇನ್ನ ನಾಕ ದಿನಾ" ಅನ್ನುವುದು. ಅಪ್ಪ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರುತ್ತಿದ್ದ. ಕರು ಹೇಗಿದೆ ಎಂದು ಕೇಳಿದರೆ "ಅರಾಮ ಐತಿ" ಅನ್ನುತ್ತಿದ್ದ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಮೇಲೆ ನೋಡುತ್ತಾ ಮನೆಯೊಳಗೆ ಓಡಾಡುತ್ತಿದ್ದೆ. ಬಾಗಿಲು ನೂಕು, ಮೆಟ್ಟಿಲು ಇಳಿ, ಕರುವಿನ ಬೆನ್ನು ಸವರು, ಕಟ್ಟೆ ಹತ್ತು. ದಿನಕ್ಕೆ ಎಷ್ಟು ಸಲ ಹಾಗೆ ಹೋಗಿ ಬರುತ್ತಿದ್ದೆನೋ ಲೆಕ್ಕವಿಲ್ಲ. ಅಷ್ಟು ಆಸೆಯಿಂದ ನಾನು ಮುಂದೆ ಯಾವ ಊರಿಗೂ ಹೋಗಲಿಲ್ಲ.

ಕೊನೆಗೂ ಬಿಟ್ಟರು. ಅಪ್ಪ ಜೀಪು ತಂದಿದ್ದ. ಡ್ರೈವರನ ಪಕ್ಕ ಕೂತವನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ಊರ ದಾರಿ ಹಿಡಿಯಬೇಕಾದ ಜೀಪು ಅದಕ್ಕೂ ಮುಂಚೆಯೇ ಗುಡ್ಡದ ಕಡೆ ಹೊರಳಿತು. ಒಂದೂ ಗಿಡವಿಲ್ಲದ ಬಯಲಿನಲ್ಲಿ ಸಾಲುಸಾಲು ಹೊಸ ಮನೆಗಳು. ಒಂದು ಮನೆಯ ಮುಂದೆ ಜೀಪು ನಿಂತಿತು. ಅದಕ್ಕೆ ನಮ್ಮ ಮನೆಯ ಬಾಗಿಲು ಹಚ್ಚಿದ್ದರು. ಅದೇ ಚೌಕಟ್ಟು, ಅದೇ ಚಿಲಕ, ಕೆಳಗೆ ಅದೇ ತೂತು. ಅವ್ವ ಜೋರಾಗಿ ನಕ್ಕು "ನೋಡಬೇ, ನಮ್ಮ ಬಾಗಲಾ!" ಅಂದಳು.

ಬಾಗಿಲು ನೂಕಿ ಮೆಟ್ಟಿಲು ಇಳಿಯಲು ಕಾಲು ಚಾಚಿದೆ. ಮೆಟ್ಟಿಲು ಇರಲಿಲ್ಲ. ಆಗಷ್ಟೇ ಪ್ಲಾಸ್ಟರ್ ಬಿಚ್ಚಿದ ಕಾಲು ತಡೆಯದೆ ಸಿಮೆಂಟಿನ ಮೇಲೆ ಬಕ್ಕಬೋರಲು ಬಿದ್ದೆ. ಒಳಗೆ ಕರುವೂ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ನಮ್ಮ ಮನೆಗೆ ಕರೆದುಕೊಂಡು ಹೋಗಿ ಎಂದು ಮೂರು ದಿನ ಅತ್ತೆ. ಇದೇ ನಮ್ಮ ಮನೆ ಎಂದು ಅವರಿಬ್ಬರೂ ಮೂರು ದಿನ ಹೇಳಿದರು. ಆ ಮಳೆಗಾಲದಲ್ಲಿ ಹಳೆಯ ಊರಿನ ಮೇಲೆ ನೀರು ನಿಂತಿತು.

ಹೀಗಿದ್ದವಳಿಗೆ ಕಾಲೇಜಿನಲ್ಲಿ ಮೊದಲ ವಾರವೇ ನಮ್ಮ ಮೇಡಂ "ಮಗುವಿಗೆ ಸುಳ್ಳು ಹೇಳಬಾರದು. ಅದಕ್ಕೆ ಅರ್ಥವಾಗುವ ಮಾತಿನಲ್ಲಿ ನಿಜ ಹೇಳಬೇಕು" ಎಂದು ಕಲಿಸಿದಾಗ ಹೇಗಾಗಿರಬೇಡ! ನನ್ನ ಪರವಾಗಿ ಕೊನೆಗೂ ಒಬ್ಬರು ಮಾತಾಡಿದ ಹಾಗಾಯಿತು. ಬಟ್ಟೆಯ ಗೊಂಬೆಗೆ ಸಲೈನ್ ಹಚ್ಚಿ ತೋರಿಸುವುದು, ರಟ್ಟಿನ ಡಬ್ಬಿಯಲ್ಲಿ ಆಪರೇಷನ್ ಕೋಣೆ ಮಾಡಿ ಮಗುವಿನ ಕೈಯಿಂದಲೇ ಗೊಂಬೆಯನ್ನು ಒಳಗೆ ಕಳಿಸುವುದು, ಎಲ್ಲವನ್ನೂ ಹಟ ಹಿಡಿದು ಕಲಿತೆ.

ಎರಡನೇ ವರ್ಷದ ಕ್ಷೇತ್ರಕಾರ್ಯಕ್ಕೆ ಜಮಖಂಡಿಯದೇ ಇನ್ನೊಂದು ಆಸ್ಪತ್ರೆಯ ಮಕ್ಕಳ ವಾರ್ಡು ಸಿಕ್ಕಿತು. ಮುಧೋಳ, ಬನಹಟ್ಟಿ ಕಡೆಯಿಂದ ಬರುವ ತಾಯಂದಿರು ಒಬ್ಬರಿಗಿಂತ ಒಬ್ಬರು ಜಾಣ ಸುಳ್ಳುಗಾರ್ತಿಯರು. ಒಬ್ಬಳು ಗಿಳಿ ತೋರಿಸುತ್ತೇನೆ ಎಂದು ಕರೆತಂದಿದ್ದಳು, ಇನ್ನೊಬ್ಬಳು ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು. ರಬಕವಿಯ ನೇಕಾರರ ಮನೆಯವಳೊಬ್ಬಳು ಎಲ್ಲರನ್ನೂ ಮೀರಿಸಿದ್ದಳು. ಆರು ವರ್ಷದ ಮಗಳಿಗೆ ಮುಂದಿನ ವಾರ ಸೊಂಟದ ಕೀಲಿನ ಆಪರೇಷನ್ ಆಗಬೇಕು, ಇವಳು ಅತ್ತೆಯ ಮದುವೆಗೆ ಹೋಗೋಣ ಎಂದು ಹೇಳಿ ಕರೆತಂದಿದ್ದಾಳೆ. ಹುಡುಗಿ ಜರಿಯ ಲಂಗ, ಕೈತುಂಬ ಬಳೆ ಹಾಕಿಕೊಂಡು ಮಂಚದ ಮೇಲೆ ಕೂತು "ಬಾಜಾ ಯಾವಾಗ ಬಾರಸ್ತಾರ?" ಎಂದು ಕೇಳುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ತಾಯಿಯನ್ನು ವರಾಂಡಕ್ಕೆ ಕರೆದು "ಆಪರೇಷನ್ ಆದ ಮ್ಯಾಲ ಆ ಕೂಸು ಎದ್ದಾಗ ನಿಮ್ಮನ್ನ ಹೆಂಗ ನಂಬಬೇಕ್ರಿ?" ಎಂದು ಝಾಡಿಸಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅದೇ ವಾರ ಮೇಡಂ ಒಂದು ಪ್ರಬಂಧ ಬರೆಯಲು ಹೇಳಿದ್ದರು. ಚಿಕ್ಕವರಿದ್ದಾಗ ನಿಮಗೆ ಏನಾಯಿತು, ಯಾರು ಏನು ಹೇಳಿದರು, ಏನು ಹೇಳಲಿಲ್ಲ. ನಾನು ಒಂದೇ ಪಟ್ಟಿಗೆ ಬರೆದೆ. 'ಊರು ಎದ್ದುಹೋದದ್ದನ್ನು ನನ್ನ ತಾಯಿ ನನ್ನಿಂದ ಮುಚ್ಚಿಟ್ಟಳು. ಬಾಗಿಲು ತೋರಿಸಿ ನಕ್ಕಳು' ಎಂಬಲ್ಲಿ ಪೆನ್ನು ಒತ್ತಿ ಬರೆದಿದ್ದೆ. ಮೇಡಂ ಅದನ್ನು ಕ್ಲಾಸಿನಲ್ಲಿ ಓದಿಸಿದರು. ನಾನು ಉಬ್ಬಿಹೋದೆ.

ಆ ಭಾನುವಾರ ಮನೆಗೆ ಹೋದಾಗ ಹಾಳೆಗಳು ಚೀಲದಲ್ಲಿದ್ದವು. ಅವ್ವ ನೀರು ತುಂಬಿಕೊಂಡು ಬಂದಳು. ಬಾಗಿಲು ದಾಟುವಾಗ ಅವಳು ಯಾವಾಗಲೂ ಒಂದು ಗಳಿಗೆ ತಡೆದು ಕಾಲಿಡುತ್ತಾಳೆ. ಮಂಡಿನೋವು ಎಂದು ನಾನು ಪ್ರತಿ ಸಲ ಒಂದು ಮುಲಾಮು ತರುತ್ತಿದ್ದೆ, ಅವಳು ಅದನ್ನು ಹಾಗೇ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಕೊಡ ಇಳಿಸಿ ಜೋಳ ಹಸನು ಮಾಡಲು ಕೂತವಳು ಚೀಲದಲ್ಲಿ ಏನಿದೆ ಎಂದು ಕೇಳಿದಳು. ಅವಳಿಗೆ ಓದು ಬಾರದು. ನಾನು ಬರೆದದ್ದು ಎಂದೆ. "ಹಂಗಾದ್ರ ಓದ" ಅಂದಳು.

ಓದಬಾರದಿತ್ತು ಎಂದು ಎರಡನೇ ಸಾಲಿನಲ್ಲೇ ಅನಿಸಿತು. ಆದರೂ ಓದಿದೆ. ನಿಜ ಹೇಳಲು ಅಂಜಬಾರದು ಎಂದು ಕಲಿತವಳಲ್ಲವೇ ನಾನು!

ಅವ್ವ ಪೂರ್ತಿ ಕೇಳಿದಳು. "ಛಲೋ ಬರದೀ" ಅಂದಳು. ಮೊರದಲ್ಲಿ ಒಂದಿಷ್ಟು ಹೊತ್ತು ಕೈಯಾಡಿಸಿ, "ಒಂದ ಕಡೆ ತಪ್ಪಾಗೇತಿ" ಅಂದಳು.

"ಎಲ್ಲಿ?"

"ನಾ ಮುಚ್ಚಿಟ್ಟೆ ಅಂತ ಬರದೀ ಅಲ್ಲ, ಅಲ್ಲಿ. ನನಗರ ಯಾರ ಹೇಳಿದ್ರು? ನಾನೂ ನಿನ್ನ ಕೂಡನ ಇದ್ನೆಲ್ಲ ದವಾಖಾನ್ಯಾಗ."

ಹದಿನೈದು ವರ್ಷ ನಾನು ಈ ಕತೆಯನ್ನು ನನಗೆ ನಾನೇ ಹೇಳಿಕೊಂಡಿದ್ದೆ. ಎರಡೂವರೆ ತಿಂಗಳು ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದವಳೂ ಆ ದಿನವೇ ಆ ಮನೆಯನ್ನು ಮೊದಲ ಸಲ ನೋಡಿದಳು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ಅಪ್ಪ ವಾರಾ ಬರ್ತಿದ್ದನಲ್ಲ?"

"ಬರ್ತಿದ್ದ. ಎಲ್ಲಾ ಅರಾಮ ಅಂತಿದ್ದ. ಹೇಳಿದ್ರ ನಾ ಅಳ್ತಿದ್ದೆ, ನಾ ಅತ್ರ ನೀ ಅಂಜ್ತಿದ್ದಿ. ಜೀಪ ಗುಡ್ಡದ ಕಡೆ ಹೊಳ್ಳಿದಾಗ ನನಗ ತಿಳೀತು."

"ಮತ್ತ ನಕ್ಕಿಯಲ್ಲ, ನಮ್ಮ ಬಾಗಲಾ ಅಂತ?"

"ನಗಲಾರದ ಏನ ಮಾಡ್ಲಿ? ಅಷ್ಟರಾಗ ಅದೊಂದ ಗುರ್ತದ್ದ ಇತ್ತು. ನಿಮ್ಮಪ್ಪ ಅದನ್ನ ಕಿತ್ತ ತಂದಿದ್ದ, ನನಗಂತ." ಕಲ್ಲೊಂದನ್ನು ಆರಿಸಿ ಎಸೆದಳು. "ಒಲಿ ಸಾರಿಸಿ ಬಂದಿದ್ದೆ, ನಾಕ ದಿನಕ್ಕ ಹೊಳ್ಳಿ ಬರೂದಲ್ಲಾ ಅಂತ. ಗೊತ್ತಿದ್ರ ಒಂದೀಟ ಕುಂಕಮಾ ಹಚ್ಚಿ, ಕೈ ಮುಗದ ಬರ್ತಿದ್ದೆ."

ಅಪ್ಪ ತೀರಿಕೊಂಡು ಆಗ ಮೂರು ವರ್ಷ. ಅವನನ್ನು ಕೇಳುವಂತಿರಲಿಲ್ಲ. ನನಗೆ ಬರುತ್ತಿದ್ದದ್ದು ಆಡಿಸಿ ಹೇಳಿಸುವ ನನ್ನ ವಿದ್ಯೆ ಒಂದೇ. "ಆ ಮನಿ ಹೆಂಗಿತ್ತು ತೋರಸವ್ವಾ" ಎಂದೆ. "ನಾ ಏನ ಕೂಸೇನ?" ಎಂದು ನಕ್ಕಳು. ಆಮೇಲೆ ಮೊರದೊಳಗಿನ ಜೋಳವನ್ನು ಬೆರಳಿನಿಂದ ಸರಿಸಿ ಗೋಡೆ ಎಬ್ಬಿಸಿದಳು. ಇಲ್ಲಿ ಗ್ವಾದಲಿ, ಇಲ್ಲಿ ಕಟ್ಟಿ, ಇಲ್ಲಿ ದೀಪದ ಮಾಡ. ಕರು ಯಾವ ಮೂಲೆಯಲ್ಲಿತ್ತು ಎಂಬುದಕ್ಕೆ ನಾವಿಬ್ಬರೂ ಜಗಳಾಡಿದೆವು. ಒಲೆಯ ಜಾಗದಲ್ಲಿ ಅವಳ ಬೆರಳು ಬಹಳ ಹೊತ್ತು ನಿಂತಿತ್ತು. ಕೊನೆಗೆ "ಆತು, ಹಿಟ್ಟ ಹಾಕಸಬೇಕು" ಎಂದು ಮೊರವನ್ನು ಒಮ್ಮೆ ಕೊಡವಿದಳು. ತಡಿ ಅನ್ನುವಷ್ಟರಲ್ಲಿ ಕಾಳೆಲ್ಲ ಕಲೆತುಹೋಗಿದ್ದವು. ನಾನು ಏಳು ವರ್ಷದವಳ ಹಾಗೆ ಅತ್ತೆ.

ಮರುದಿನ ವಾರ್ಡಿಗೆ ಹೋದವಳೇ ರಬಕವಿಯ ತಾಯಿಯ ಪಕ್ಕ ಕೂತೆ. "ಅಕ್ಕಾರ, ನಿಮಗರ ಎಲ್ಲಾ ಯಾರರ ಹೇಳ್ಯಾರೇನ್ರಿ?" ಎಂದು ಕೇಳಿದೆ. "ಡಾಕ್ಟರು ನಮ್ಮ ಮನ್ಯಾರ ಮುಂದ ಹೇಳ್ಯಾರ್ರಿ. ಮನ್ಯಾರು ನನಗ ಅಂಜಬ್ಯಾಡ ಅಂದ್ರು, ಅಷ್ಟರಿ" ಎಂದು ಕಣ್ಣು ಒರೆಸಿಕೊಂಡಳು. ಡಾಕ್ಟರನ್ನು ಕರೆದೆ. ಅವರು ನಿಧಾನವಾಗಿ ಅವಳಿಗೆ ಎಲ್ಲ ತಿಳಿಸಿದರು. ಗೊಂಬೆಯನ್ನು ಮೊದಲು ಅವಳ ಮಡಿಲಲ್ಲಿಟ್ಟು ತೋರಿಸಿದೆ. ಆಮೇಲೆ ಮಗಳಿಗೆ ಅವಳೇ ಹೇಳಿದಳು, ನಾನಲ್ಲ. ಹುಡುಗಿ "ಹಂಗಾರ ಮದುವಿ ಇಲ್ಲೇನು?" ಎಂದು ಆಪರೇಷನ್ನಿಗಿಂತ ಮದುವೆಗೇ ಹೆಚ್ಚು ಅತ್ತಿತು. ನಾನು ಪ್ರಬಂಧದ ಆ ಸಾಲು ಹೊಡೆದು ಹಾಕಿ ಮೇಡಂಗೆ ಮತ್ತೆ ಕೊಟ್ಟೆ.

ಮುಂದಿನ ಸಲ ಊರಿಗೆ ಹೋದಾಗ ಅವ್ವನ ಹಿಂದೆಯೇ ನಳದಿಂದ ಬರುತ್ತಿದ್ದೆ. ಬಾಗಿಲಲ್ಲಿ ಅವಳು ಎಂದಿನಂತೆ ತಡೆದಳು.

"ಮಂಡಿ ಇನ್ನೂ ನೋಯ್ತಾವೇನವ್ವಾ?"

"ಯಾವ ಮಂಡಿ? ನನ್ನ ಮಂಡಿ ಗಟ್ಟಿ ಅದಾವು."

"ಮತ್ತ ಇಲ್ಲಿ ಯಾಕ ನಿಂದರ್ತಿ?"

ಅವ್ವ ತನ್ನ ಕಾಲನ್ನು ತಾನೇ ನೋಡಿಕೊಂಡಳು. "ಬಾಗಲಾ ಹಳೇದ ಐತೆಲ್ಲ," ಅಂದಳು, "ಮೆಟ್ಟಲಾ ಇದ್ದೀತು ಅಂತ ಕಾಲ ಹುಡಕತೈತಿ." ಆಮೇಲೆ ಕೊಡವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಒಳಗೆ ಹೋದಳು.