ಗಿರಣಿ ಗೋಡೆಯ ಮೇಲಿನ ನಂಬರು

ಗೋಕಾಕದಲ್ಲಿ ಹೊಳೆಗೆ ಹತ್ತಿದ ಓಣಿಯೊಳಗೆ ನಮ್ಮದೊಂದು ಹಿಟ್ಟಿನ ಗಿರಣಿ. ಮಳೆಗಾಲದಲ್ಲಿ ಅಲ್ಲಿ ಜೋಳಕ್ಕಿಂತ ಮಾತನ್ನೇ ಹೆಚ್ಚು ಬೀಸುತ್ತಾರೆ. ಮಹಾಪೂರ ಬರುವುದು ಭೂಮಿ ಕಾದದ್ದಕ್ಕೆ ಎಂದು ಒಬ್ಬರು, ಘಟ್ಟದ ಕಾಡು ಕಡಿದದ್ದಕ್ಕೆ ಎಂದು ಇನ್ನೊಬ್ಬರು. ಒಮ್ಮೆ ಮಹಿಳಾ ಸಂಘಕ್ಕೆ ಬಂದ ಮೇಡಂ ಒಬ್ಬರು ಹಲಗೆಯ ತುಂಬ ಬಾಣ ಬರೆದು ಸಮುದ್ರ, ಹೊಗೆ, ಕಬ್ಬು, ಬಡತನ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ತೋರಿಸಿದರು. ಖರೆ ಹೇಳುತ್ತೇನೆ, ನನಗೆ ತಲೆನೋವು ಬಂತು. ತಲೆಯೊಳಗೆ ಹೋದದ್ದು ಒಂದೇ ಮಾತು: ತಪ್ಪೆಲ್ಲ ಮೇಲಿನವರದು.

ನನಗೆ ಮೇಲಿನವಳೆಂದರೆ ನನ್ನ ತಂಗಿ. ನಾವಿಬ್ಬರೂ ಹುಕ್ಕೇರಿಯ ಜೈನರ ಮನೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಆಡುತ್ತ ಬೆಳೆದವರು. ಅವಳನ್ನು ಮಹಾರಾಷ್ಟ್ರದ ಆಜರಾಕ್ಕೆ ಕೊಟ್ಟರು, ನನ್ನನ್ನು ಗೋಕಾಕಕ್ಕೆ. ಅವಳೂರಿನ ಮಳೆ ಹಿರಣ್ಯಕೇಶಿಗೆ ಇಳಿದು, ಹುಕ್ಕೇರಿ ಸೀಮೆ ದಾಟಿ, ಘಟಪ್ರಭೆ ಸೇರಿ ಮರುದಿನ ನಮ್ಮ ಓಣಿಗೆ ಬರುತ್ತದೆ. ಅದಕ್ಕಿಂತ ಮೊದಲು ಅವಳ ಫೋನು ಬರುತ್ತದೆ.

“ಅಕ್ಕಾ, ಮೂರು ದಿನದಿಂದ ಸೂರ್ಯಾನ್ನ ಕಂಡಿಲ್ಲ. ಮೋಟಾರು ಮ್ಯಾಲ ಎತ್ತಿ ಇಡ.”

“ನಿಮ್ಮ ನೀರು ನೀವ ಇಟ್ಕೋರಿ. ನಮ್ಮ ಮ್ಯಾಲ ಯಾಕ ಸುರೀತೀರಿ?”

“ತಡಿ, ಮುಗಿಲಿಗೆ ಹೇಳ್ತೀನಿ, ನಮ್ಮಕ್ಕಗ ಸಿಟ್ಟು ಬಂದೈತಿ ಅಂತ.”

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ. ನನಗೂ ಅದು ಗೊತ್ತು, ಆದರೂ ಬೈಯದಿದ್ದರೆ ಸಮಾಧಾನವಿಲ್ಲ.

ಒಂದು ವರ್ಷ ಗಿರಣಿಯೊಳಗೆ ಎದೆಮಟ್ಟ ನೀರು ನಿಂತು ಇಳಿಯಿತು. ಕೆಸರು ಬಳಿದು ಹೊರಗೆ ಹಾಕಿ ಮತ್ತೆ ಶುರು ಮಾಡಿದ ಮೇಲೆ ಬಂದವರಿಗೆಲ್ಲ ನಾನು ಹೇಳಿದ್ದೇ ಹೇಳಿದ್ದು: “ನಮಗ ಹಿಂದಿನ ದಿನಾನ ಗೊತ್ತಾಗಿತ್ರಿ. ಒಂದು ನಟ್ಟೂ ತೊಯ್ಯಾಕ ಬಿಡಲಿಲ್ಲ.”

ನಮಗಿಂತ ಕೆಳಗೆ, ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಯಿಂದ ಬಸ್ಸಿಗೆ ಬಂದು ಶಾವಿಗೆಗೆ ಗೋಧಿ ಬೀಸಿಸುವ ಭಾಬಿಯೊಬ್ಬರು ಅಂದು ಮೂಲೆಯಲ್ಲಿ ಕೂತಿದ್ದರು. ಗಂಡ ತೀರಿದ ಮೇಲೆ ಆರು ಆಡು ಸಾಕಿ ಮನೆ ನಡೆಸಿದವರು.

“ಅಕ್ಕಾರ, ನನ್ನವು ನಾಕು ಆಡು ಹೊಳಿ ಒಯ್ತ್ರಿ” ಎಂದರು. “ನಿಮಗ ಹಿಂದಿನ ದಿನಾನ ಗೊತ್ತಿತ್ತಂದ್ರ, ನನಗೂ ಒಂದು ಫೋನ್ ಹಚ್ಚಿದ್ರ ಆಗ್ತಿತ್ತಲ್ರಿ.”

“ನಿಮ್ಮ ನಂಬರ...” ಎಂದು ಬಾಯಿ ತೆಗೆದವಳು ಅಲ್ಲಿಗೇ ನಿಲ್ಲಿಸಿದೆ. ಹಿಟ್ಟು ತಯಾರಾದರೆ ತಿಳಿಸಲೆಂದು ಗಿರಾಕಿಗಳ ನಂಬರುಗಳನ್ನು ನಾವು ಗೋಡೆಯ ಮೇಲೆಯೇ ಸುಣ್ಣದ ಖಡುವಿನಿಂದ ಬರೆದಿಡುತ್ತೇವೆ. ಕೆಳಗಿನವೆಲ್ಲ ಅಳಿಸಿಹೋಗಿದ್ದವು. ಅವರದು ನೀರಿನ ಕಲೆಗಿಂತ ಒಂದು ಗೇಣು ಮೇಲೆ, ನನ್ನ ಕಣ್ಣೆದುರೇ ಇತ್ತು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಮೇಲಿನವರನ್ನು ಬೈದ ನಾನು, ಅವರಿಗೆ ಮೇಲಿನವಳಾಗಿದ್ದೆ. ಮೇಡಂ ಬರೆದ ಬಾಣಗಳಲ್ಲಿ ಒಂದಾದರೂ ಆಗ ನನಗೆ ಅರ್ಥವಾಯಿತು.

ಮುಂದಿನ ಮಳೆಗಾಲದಲ್ಲಿ ತಂಗಿಯ ಫೋನು ಬೆಳಗಿನ ಚಹಾದ ಹೊತ್ತಿಗೆ ಬಂತು. ಈ ಸಲ ಬೈಯಲಿಲ್ಲ. ಗಂಡನೂ ನಾನೂ ಸೇರಿ ಮೋಟಾರು ಬಿಚ್ಚಿ ಅಟ್ಟಕ್ಕೇರಿಸಿ, ಚೀಲ ಸಾಗಿಸಿದೆವು. ಆಮೇಲೆ ಕೈ ತೊಳೆದು ಭಾಬಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಉಳಿದ ಎರಡು ಆಡುಗಳಲ್ಲಿ ಒಂದು ಗಬ್ಬವಾಗಿತ್ತು. ಅದೂ ಹೋದರೆ ಅವರು ಮತ್ತೆ ಮೊದಲಿನಿಂದ ಶುರುಮಾಡುವುದು ಯಾವುದರಿಂದ? ನಾಲ್ಕನೇ ಸಲಕ್ಕೆ ಎತ್ತಿದರು.

“ನೀರು ಬರಾಕತ್ತೈತಿ ಭಾಬಿ. ನಾಳೆ ಇಷ್ಟೊತ್ತಿಗಿ ನಿಮ್ಮಲ್ಲಿರತೈತಿ.”

“ಹೌದ್ರಿ?” ಎಂದವರೇ ಫೋನು ಇಟ್ಟುಬಿಟ್ಟರು.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಅವರೇ ಹಚ್ಚಿದರು. ದಿಬ್ಬದ ಮೇಲಿನ ಸಾಲೆಯ ಪಡಸಾಲೆಯಲ್ಲಿ ಇದ್ದಾರಂತೆ. ಗಬ್ಬದ ಆಡು ಅಲ್ಲೇ ಈದು ಎರಡು ಮರಿ ಹಾಕಿದೆಯಂತೆ. ಹಿಂದಿನಿಂದ ಮರಿಗಳ ಕೂಗು ನನಗೂ ಕೇಳಿಸಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

“ಅವತ್ತು ಪಟ್ ಅಂತ ಫೋನ್ ಇಟ್ರಲ್ಲ, ಆಡು ಬಿಚ್ಚಾಕ ಓಡಿದ್ರೇನು?” ಎಂದು ಚೇಷ್ಟೆ ಮಾಡಿದೆ.

“ಇಲ್ರಿ ಅಕ್ಕಾರ. ನಮ್ಮ ತವರುಮನಿ ನಮ್ಮೂರಕಿಂತ ಕೆಳಗೈತಿ. ಮೊದಲ ಅವರಿಗೆ ಹಚ್ಚಿದ್ನಿ. ಆಮ್ಯಾಲ ಆಡು ಬಿಚ್ಚಿದ್ನಿ.”

ನಾನು ತಲೆಯೆತ್ತಿ ಅಟ್ಟದ ಮೇಲಿದ್ದ ನಮ್ಮ ಮೋಟಾರನ್ನು ನೋಡಿದೆ. ಖಡು ಹುಡುಕಿ, ಅವರ ತವರುಮನೆಯ ನಂಬರನ್ನೂ ಕೇಳಿ, ನೀರಿನ ಕಲೆಗಿಂತ ಮೇಲೆ ಬರೆದುಕೊಂಡೆ. ಅಂದಿನಿಂದ ನಮ್ಮ ಗಿರಣಿಯಲ್ಲಿ ಮೊದಲು ಫೋನು, ಆಮೇಲೆ ಮೋಟಾರು.