ಕಂಬದ ಮೇಲಿಂದ ಕೇಳುತ್ತಿದ್ದವನು

ಮತ್ತಿಕೆರೆಯ ನಮ್ಮ ಬೀದಿಯ ಲೈನ್‌ಮನ್ ಧಾರವಾಡದ ಕಡೆಯವನು. ಕರೆಂಟು ಸರಿಮಾಡಿ ಕಂಬದ ಮೇಲಿಂದಲೇ "ಬಂತೇನ್ರೀ ಕಾಕಾ?" ಎಂದು ಕೂಗುತ್ತಿದ್ದ. ನಾನು "ಬಂತಪ್ಪಾ" ಎನ್ನುವವರೆಗೆ ಇಳಿಯುತ್ತಿರಲಿಲ್ಲ.

ವಿದ್ಯುತ್ ಸರಬರಾಜನ್ನು ಖಾಸಗಿಯವರಿಗೆ ಕೊಡಬಾರದೆಂಬ ಮನವಿ ಹಿಡಿದು ಒಂದು ದಿನ ಟೀ ಅಂಗಡಿಗೆ ಬಂದ. "ಸಹಿ ಮಾಡ್ರೀ ಕಾಕಾ. ಅವ್ರು ಬಂದ್ರ ನಮ್ಮಂಥವ್ರನ್ನ ಇಟ್ಕೋತಾರೇನ್ರೀ?"

"ಬರ್ಲಿ ಕಣಯ್ಯ, ಆಗ ನಿಮ್ಮ ಮೈಗಳ್ಳತನ ಬಿಡತ್ತೆ" ಎಂದೆ. ಸುತ್ತಲಿದ್ದವರು ನಕ್ಕರು. ಅವನು ಹಾಳೆ ಮಡಚಿಕೊಂಡು ಹೋದ.

ಮರುವಾರ ನಮ್ಮ ಮನೆಯ ಕರೆಂಟು ಹೋದಾಗ ಜಡಿಮಳೆಯಲ್ಲೇ ಬಂದು ಕಂಬ ಹತ್ತಿದ. ದೀಪ ಹೊತ್ತಿತು. ನಾನು ಗೇಟಿನಲ್ಲೇ ನಿಂತಿದ್ದೆ. ಏನೂ ಕೇಳದೆ ಇಳಿದು ಹೋದ. ಆಮೇಲೆ ಅವನಿಗೆ ವರ್ಗವಾಯಿತು.

ಈಗಲೂ ಕರೆಂಟು ಬಂದೊಡನೆ ಗೇಟಿಗೆ ಹೋಗಿ ಕಂಬದತ್ತ ನೋಡುತ್ತೇನೆ. ಅವನು ಕೇಳದಿದ್ದರೇನು, ಅವತ್ತು ನಾನೇ ಕೂಗಿ ಹೇಳಬಹುದಿತ್ತು.